ಇಪ್ಪತ್ತೈದು ನಿಮಿಷ

ಗುರುವಾರ ಬೆಳಿಗ್ಗೆ ಆರೂಕಾಲಕ್ಕೆ ಹಾಲಿನ ಪಾಕೆಟ್ ಎತ್ತಿಕೊಳ್ಳಲು ಗೇಟಿನ ಹತ್ತಿರ ಹೋದ ಚಿಕ್ಕಬೈರಪ್ಪ ಅಲ್ಲೇ ಕುಸಿದು ಕೂತರು. ಹೆಂಡತಿ ಲಕ್ಷ್ಮಮ್ಮ ಹೊರಗೆ ಬಂದು ನೋಡಿದಾಗ ಅವರು ಕಾಂಪೌಂಡ್ ಗೋಡೆಗೆ ಒರಗಿಕೊಂಡಿದ್ದರು. ಎಡಗೈಯಲ್ಲಿ ಪಾಕೆಟ್ ಹಾಗೇ ಇತ್ತು. ಬಾಯಿ ಒಂದು ಕಡೆ ವಾಲಿತ್ತು.

"ಏನಾಯ್ತ್ರೀ?" ಎಂದರೆ ಗಂಟಲಿನಿಂದ ಏನೋ ಸದ್ದು ಬಂತು, ಮಾತು ಬರಲಿಲ್ಲ.

ಮಗ ಕೆಂಪರಾಜು ಬನಿಯನ್ನಿನಲ್ಲೇ ಓಡಿ ಬಂದ. ಸೊಸೆ ದಿವ್ಯ ಕುಕ್ಕರ್ ಆರಿಸಿ ಬಂದಳು. ಇಬ್ಬರೂ ಸೇರಿ ಅವರನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕೆಂಪರಾಜು ಕೀ ತಿರುಗಿಸಿದ. ಇಂಜಿನ್ ಕೆರ್ ಕೆರ್ ಎಂದು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಮತ್ತೊಮ್ಮೆ.

"ರೀ, ಆಂಬುಲೆನ್ಸ್‌ಗೆ ಫೋನ್ ಮಾಡ್ಲಾ?" ಎಂದಳು ದಿವ್ಯ.

"ಅದು ಬರೋಷ್ಟರಲ್ಲಿ ನಾವೇ ತಲುಪಿರ್ತೀವಿ."

"ಹೋಗ್ಲಿ, ಆಟೋ ಆದ್ರೂ ತರ್ತೀನಿ."

"ಸುಮ್ನಿರು ಅಂದ್ನಲ್ಲ! ಈಗ ಹತ್ಕೊಳುತ್ತೆ."

ಅವನು ಇಳಿದು ಬಾನೆಟ್ ಎತ್ತಿದ, ಏನೂ ತಿಳಿಯದೆ ಮುಚ್ಚಿದ. ಎದುರು ಮನೆಯ ವೇಣುವನ್ನು ಕೂಗಿದ. ಇಬ್ಬರೂ ಸೇರಿ ಕಾರನ್ನು ರಸ್ತೆಗೆ ತಂದು ಇಳಿಜಾರಿನವರೆಗೆ ತಳ್ಳಿದರು. ಇಳಿಜಾರು ಮುಗಿಯಿತು, ಕಾರು ಸ್ಟಾರ್ಟ್ ಆಗಲಿಲ್ಲ. ಕೆಂಪರಾಜು ಮತ್ತೆ ಕೀ ತಿರುಗಿಸುತ್ತಾ ಕೂತ. ಕೊನೆಗೆ ಬ್ಯಾಟರಿಯೂ ಸೋತು ಟಕ್ ಟಕ್ ಎನ್ನತೊಡಗಿತು. ಅಷ್ಟರಲ್ಲಿ ದಿವ್ಯ ಬರಿಗಾಲಿನಲ್ಲೇ ಮೇನ್ ರೋಡಿಗೆ ಓಡಿ ಆಟೋ ತಂದಿದ್ದಳು. ಮೊದಲ ಸಲ ಕೀ ತಿರುಗಿಸಿದ್ದಕ್ಕೂ ಆಟೋ ಬಂದಿದ್ದಕ್ಕೂ ನಡುವೆ ಇಪ್ಪತ್ತೈದು ನಿಮಿಷ ಕಳೆದಿತ್ತು.

ಮೆದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರ್. ಬಲಗೈ, ಬಲಗಾಲು, ಮಾತು ಮೂರಕ್ಕೂ ಪೆಟ್ಟು ಬಿದ್ದಿತ್ತು. "ಇನ್ನೊಂಚೂರು ಬೇಗ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು" ಎಂದು ಹೇಳಿ ಅವರು ಫೈಲ್ ಮುಚ್ಚಿ ಮುಂದಿನ ಹಾಸಿಗೆಯ ಕಡೆ ನಡೆದರು. ದಿನಕ್ಕೆ ಎಷ್ಟು ಮಂದಿಗೆ ಆ ಮಾತು ಹೇಳುತ್ತಿದ್ದರೋ ಏನೋ. ಈ ಮನೆಯವರು ಮಾತ್ರ ಅದನ್ನು ಮನೆಗೆ ತಂದರು.

ಹನ್ನೊಂದು ದಿನಗಳ ನಂತರ ಚಿಕ್ಕಬೈರಪ್ಪನವರೂ ಮನೆಗೆ ಬಂದರು. ಕುಮಾರಸ್ವಾಮಿ ಲೇಔಟ್ ಆಗುವ ಮೊದಲು ಇದೇ ನೆಲದಲ್ಲಿ ದಂಟು, ಸಬ್ಬಸಿಗೆ ಬೆಳೆದು, ತಾವೇ ಟೆಂಪೋ ಓಡಿಸಿಕೊಂಡು ಮಾರ್ಕೆಟ್ಟಿಗೆ ಹಾಕಿ ಬರುತ್ತಿದ್ದವರು ಅವರು. ಎಪ್ಪತ್ತಮೂರು ವರ್ಷದಲ್ಲಿ ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಿದವರಲ್ಲ. ಈಗ ಹಾಲ್‌ನಲ್ಲಿ ಟಿವಿಯ ಎದುರು ಅವರ ಮಂಚ ಹಾಕಿದರು. ಟಿವಿ ಹಾಕುತ್ತಿದ್ದರು, ಸೌಂಡ್ ಇಡುತ್ತಿರಲಿಲ್ಲ. ಯಾರೂ ಇಡಬೇಡಿ ಎಂದಿರಲಿಲ್ಲ, ಯಾರಿಗೂ ಇಡಬೇಕೆನಿಸಲಿಲ್ಲ.

ಮುದ್ದೆ ನುಂಗಲು ಆಗದವರಿಗೆ ಲಕ್ಷ್ಮಮ್ಮ ರಾಗಿ ಗಂಜಿ ಕಾಯಿಸಿ ಚಮಚದಲ್ಲಿ ಕುಡಿಸುತ್ತಿದ್ದರು. ಬಲಗಡೆಯ ತುಟಿಯಿಂದ ಅರ್ಧ ಹೊರಗೆ ಬರುತ್ತಿತ್ತು. ಒರೆಸಿ ಮತ್ತೆ ಕುಡಿಸುತ್ತಿದ್ದರು. ದಿವ್ಯ ನಾಲ್ಕೂವರೆಗೆ ಏಳುತ್ತಿದ್ದಳು. ತಿಂಡಿ, ಮಧ್ಯಾಹ್ನದ ಅಡುಗೆ ಎರಡನ್ನೂ ಮುಗಿಸಿ, ಮಾವನನ್ನು ಎತ್ತಿ ಬಚ್ಚಲಿನ ಕುರ್ಚಿಯಲ್ಲಿ ಕೂರಿಸಿ, ಅತ್ತೆ ಸ್ನಾನ ಮಾಡಿಸುವಾಗ ಬೀಳದಂತೆ ಹಿಡಿದುಕೊಂಡು, ಒದ್ದೆಯಾದ ಸೀರೆ ಬದಲಿಸಿ ಜೆ.ಪಿ. ನಗರದ ಸ್ಕೂಲಿಗೆ ಪಾಠ ಮಾಡಲು ಹೋಗುತ್ತಿದ್ದಳು. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿಗೆ ಈಗ ಎರಡು ಬಸ್ಸು. ಮಗಳು ಲಿಖಿತಾ, ಬಿ.ಕಾಂ ಮೊದಲ ವರ್ಷದ ಹುಡುಗಿ, ಯಾರೂ ಹೇಳದೆಯೇ ತಾತನ ಮೂತ್ರದ ಪಾತ್ರೆ ತೊಳೆದಿಡುತ್ತಿದ್ದಳು. ಕಾಲೇಜಿನಿಂದ ಬಂದು ಮಂಚದ ಪಕ್ಕದ ನೆಲದ ಮೇಲೆ ಕೂತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಊಟಕ್ಕೂ ಎರಡು ತುತ್ತು, ಅಷ್ಟೇ.

ಕಾರು ಗೇಟಿನ ಒಳಗೆ, ವೇಣು ಮತ್ತಿಬ್ಬರು ತಳ್ಳಿ ತಂದು ಬಿಟ್ಟ ಜಾಗದಲ್ಲೇ ನಿಂತಿತ್ತು. ಮೇಲೆ ಹೊಂಗೆ ಎಲೆ ಉದುರಿ ಒಣಗಿತ್ತು.

ಬನಶಂಕರಿಯಲ್ಲಿ ಪೇಂಟ್ ಅಂಗಡಿ ಇಟ್ಟಿದ್ದ ಕೆಂಪರಾಜು ಅಂಗಡಿಗೆ ಬಂದ ಗಿರಾಕಿಯೊಬ್ಬರ ಮೂಲಕ ಒಬ್ಬ ಮೆಕ್ಯಾನಿಕ್‌ನ ನಂಬರ್ ತಗೊಂಡು ಫೋನ್ ಮಾಡಿದ. ಗಾಡಿ ನೋಡದೆಯೇ ಆ ಮನುಷ್ಯ, "ಟ್ಯಾಂಕ್ ಯಾವಾಗ್ಲೂ ರಿಸರ್ವ್‌ನಲ್ಲೇ ಇರುತ್ತಾ ಸಾರ್? ಹಂಗಾದ್ರೆ ಪೆಟ್ರೋಲ್ ಪಂಪ್ ಸುಟ್ಟಿರುತ್ತೆ. ಪಂಪ್ ಟ್ಯಾಂಕ್ ಒಳಗೇ ಮುಳುಗಿರುತ್ತಲ್ಲ, ಪೆಟ್ರೋಲ್ ಇದ್ರೇ ಅದಕ್ಕೆ ತಂಪು" ಎಂದ.

ಕೆಂಪರಾಜುವಿಗೆ ಅಷ್ಟು ಸಾಕಾಯಿತು. ಕಾರು ಓಡಿಸುತ್ತಿದ್ದವಳು ದಿವ್ಯ. ಮೀಟರಿನ ಮುಳ್ಳು ಕೆಂಪಿಗೆ ಬರುವ ತನಕ ಬಂಕಿಗೆ ಹೋಗುತ್ತಿರಲಿಲ್ಲ ಎನ್ನುವುದೂ ನಿಜ.

ಆ ದಿನ ರಾತ್ರಿ ಬಸ್ಸಾರು, ಅನ್ನ. ಮೊದಲ ತುತ್ತಿಗೇ ಅವನು ಶುರು ಮಾಡಿದ.

"ಎಷ್ಟು ಸಲ ಹೇಳಿದ್ದೆ ನಿಂಗೆ, ಪೆಟ್ರೋಲ್ ಹಾಕ್ಸು ಅಂತ?"

"ಅವತ್ತು ಕಾಲು ಟ್ಯಾಂಕ್ ಇತ್ತು."

"ಅವತ್ತಿಂದಲ್ಲ. ವರ್ಷಗಟ್ಲೆ ಮಾಡಿದ್ದು. ಪಂಪ್ ಸುಟ್ಟುಹೋಗಿದೆಯಂತೆ."

"ಯಾರು ನೋಡಿದ್ದು?"

"ನೋಡೋದೇನಿದೆ ಅದ್ರಲ್ಲಿ? ನಿನ್ನ ಸೋಮಾರಿತನಕ್ಕೆ ನಮ್ಮಪ್ಪ ಮಲಗಿದ್ದಾರೆ ಅಲ್ಲಿ."

ಲಕ್ಷ್ಮಮ್ಮ, "ಉಣ್ಣೋವಾಗ ಬೇಡ ಕಣೋ" ಎಂದರು. ದಿವ್ಯ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ ಒಳಗೆ ಹೋದಳು. ಲಿಖಿತಾ ತಟ್ಟೆ ಎತ್ತಿಕೊಂಡು ಎದ್ದಳು.

"ಎಲ್ಲಿಗೆ ಹೊರಟೆ? ಪೂರ್ತಿ ಉಣ್ಣು" ಎಂದ ಕೆಂಪರಾಜು.

"ಸಾಕು ಅಪ್ಪ."

ಆಮೇಲೆ ಅದು ದಿನನಿತ್ಯದ ಮಾತಾಯಿತು. ಕಾಫಿ ತಣ್ಣಗಾಗಿದ್ದರೆ ಪಂಪಿನ ಮಾತು, ಮಾತ್ರೆ ಮುಗಿದಿದ್ದರೆ ಪಂಪಿನ ಮಾತು. ಅವನ ತಂಗಿ ನೋಡಲು ಬಂದಾಗ ಅವಳೆದುರಿಗೂ ಹೇಳಿದ. ದಿವ್ಯ ಮೊದಲು ಉತ್ತರ ಕೊಡುತ್ತಿದ್ದಳು, ಆಮೇಲೆ ಬಿಟ್ಟಳು. ಅವನು ಮಾತು ಶುರು ಮಾಡಿದರೆ ಅವಳು ತರಕಾರಿ ಹೆಚ್ಚುವುದನ್ನು ಮುಂದುವರಿಸುತ್ತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಒಮ್ಮೊಮ್ಮೆ ಲಕ್ಷ್ಮಮ್ಮನಿಗೇ ಅನುಮಾನ ಬರುತ್ತಿತ್ತು.

ವಾರಕ್ಕೆರಡು ದಿನ ಜಯನಗರಕ್ಕೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕಿತ್ತು. ಆಟೋದೊಳಗೆ ಚಿಕ್ಕಬೈರಪ್ಪನವರ ಕಾಲು ಮಡಚಿ ಕೂರಿಸುವುದು ಕಷ್ಟ. ಎರಡನೇ ಸಲ ಹೋದಾಗ ರಸ್ತೆಯ ಹಂಪಿನಲ್ಲಿ ಎಗರಿ ಅವರ ತಲೆ ಕಂಬಿಗೆ ತಗುಲಿತು. ಅಂದು ಸಂಜೆ ಲಕ್ಷ್ಮಮ್ಮ ಮಗನನ್ನು ಕೇಳದೆಯೇ ದೇವದಾಸ್‌ಗೆ ಫೋನ್ ಮಾಡಿಸಿದರು. ದೇವದಾಸ್ ಹಳೆಯ ಮೆಕ್ಯಾನಿಕ್, ಚಿಕ್ಕಬೈರಪ್ಪನವರ ಟೆಂಪೋ ಕಾಲದಿಂದ ಗೊತ್ತಿದ್ದವನು.

ಭಾನುವಾರ ಬೆಳಿಗ್ಗೆ ಅವನು ಸ್ಕೂಟರಿನಲ್ಲಿ ಒಂದು ಬ್ಯಾಟರಿ ಕಟ್ಟಿಕೊಂಡು ಬಂದ. ಮೊದಲು ಒಳಗೆ ಹೋಗಿ, "ಯಜಮಾನ್ರೇ, ನಾನು ದೇವದಾಸ್" ಎಂದ. ಚಿಕ್ಕಬೈರಪ್ಪ ಅವನನ್ನೇ ನೋಡಿದರು. ಎಡಗೈ ಎತ್ತಿ ಹೊರಗೆ ತೋರಿಸಿ ಏನೋ ಹೇಳಲು ನೋಡಿದರು. "ಆಯ್ತು, ಗಾಡಿ ನೋಡ್ತೀನಿ, ಅದಕ್ಕೇ ಬಂದಿರೋದು" ಎಂದು ಅವನು ಆ ಕೈಯನ್ನು ಹಿಡಿದು ಮತ್ತೆ ಹಾಸಿಗೆಯ ಮೇಲಿಟ್ಟ.

"ಪಂಪ್ ಹೋಗಿದೆ. ಹೊಸದು ಹಾಕ್ಬಿಡು" ಎಂದ ಕೆಂಪರಾಜು.

"ಹಾಕೋಣ ಕೆಂಪಣ್ಣ, ಹೋಗಿದ್ರೆ ಹಾಕೋಣ." ಅವನು ತಂದ ಬ್ಯಾಟರಿ ಜೋಡಿಸಿದ. "ಕೀ ಅರ್ಧ ಮಾತ್ರ ತಿರುಗ್ಸಿ. ಸ್ಟಾರ್ಟ್ ಮಾಡ್ಬೇಡಿ."

ದೇವದಾಸ್ ಹಿಂದಿನ ಸೀಟಿನ ಮೇಲೆ ಕಿವಿಯಿಟ್ಟು ಕೂತ. ಮತ್ತೆ ಆರಿಸಿ ಹಾಕಲು ಹೇಳಿದ. ಎದ್ದ.

"ಕೀ ಹಾಕಿದ ತಕ್ಷಣ ಎರಡು ಸೆಕೆಂಡು ಗುಂಯ್ ಅಂತ ಸದ್ದು ಬರ್ಬೇಕು ಇಲ್ಲಿ. ಬರ್ತಿಲ್ಲ."

"ಹೇಳಿದ್ನಲ್ಲ."

"ಪಂಪ್ ತಿರುಗ್ತಿಲ್ಲ ಅಂತ ಗೊತ್ತಾಯ್ತು. ಯಾಕೆ ತಿರುಗ್ತಿಲ್ಲ ಅಂತ ಗೊತ್ತಾಗ್ಲಿಲ್ಲ."

ಫ್ಯೂಸ್ ತೆಗೆದು ಬೆಳಕಿಗೆ ಹಿಡಿದು ನೋಡಿದ, ಸರಿಯಿತ್ತು. ಪಂಪಿಗೆ ಕರೆಂಟ್ ಬಿಡುವ ರಿಲೇ ಕಿತ್ತು, ಹಾರ್ನಿನ ರಿಲೇ ತಂದು ಅಲ್ಲಿಗೆ ಸಿಕ್ಕಿಸಿದ, ಆದರೂ ಸದ್ದಿಲ್ಲ. ಹಿಂದಿನ ಸೀಟು ಎತ್ತಿದ. ಕೆಳಗೊಂದು ಮುಚ್ಚಳ, ಅದರಡಿ ಪಂಪಿಗೆ ಹೋಗುವ ವೈರು. ಸಣ್ಣ ಬಲ್ಬಿನ ಟೆಸ್ಟರ್ ಹಿಡಿದು ಕೀ ಹಾಕಿಸಿದ. ಬಲ್ಬು ಹತ್ತಲಿಲ್ಲ.

"ಕರೆಂಟೇ ಬರ್ತಿಲ್ಲ ಪಂಪ್‌ಗೆ. ಕರೆಂಟ್ ಬರ್ದೇ ಇರೋವಾಗ ಪಂಪ್ ಸತ್ತಿದೆ ಅನ್ನೋಕಾಗಲ್ಲ." ಅವನು ಬ್ಯಾಟರಿಯಿಂದಲೇ ಎರಡು ವೈರು ಎಳೆದು ಪಂಪಿಗೆ ಮುಟ್ಟಿಸಿದ. ಟ್ಯಾಂಕಿನೊಳಗಿಂದ ಗುಂಯ್ ಎಂದು ಸದ್ದು ಬಂತು.

ಮೆಟ್ಟಿಲ ಮೇಲೆ ಒಗೆದ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದ ದಿವ್ಯ ಆ ಸದ್ದು ಕೇಳಿಸಿಕೊಂಡಳು.

"ಪಂಪ್ ಚೆನ್ನಾಗೇ ಇದೆ ಅಕ್ಕ" ಎಂದ ದೇವದಾಸ್ ಅವಳ ಕಡೆ ತಿರುಗಿ, ಯಾರೂ ಕೇಳದಿದ್ದರೂ. ಆಮೇಲೆ ಮುಂದಿನ ಎಡಗಡೆ ಸೀಟಿನ ಕಡೆ ಹೋಗಿ, ಕಾಲಿಡುವ ಜಾಗದ ಪಕ್ಕದ ಪ್ಲಾಸ್ಟಿಕ್ ಹಲಗೆ ಬಿಚ್ಚಿ ಒಳಗೆ ಬೆರಳು ಹಾಕಿ ತಡಕಿದ. "ಹ್ಞಾಂ. ಇಲ್ಲಿ ನೋಡಿ."

ಅಲ್ಲೊಂದು ಸಣ್ಣ ಡಬ್ಬಿ, ಅದರ ನೆತ್ತಿಯಲ್ಲಿ ಕೆಂಪು ಗುಂಡಿ. ಗುಂಡಿ ಮೇಲೆದ್ದಿತ್ತು.

"ಕೆಲವು ಗಾಡಿಗಳಲ್ಲಿ ಇದೊಂದು ಇರುತ್ತೆ. ಗಾಡಿ ಎಲ್ಲಾದ್ರೂ ಜೋರಾಗಿ ಗುದ್ದಿದ್ರೆ ತಾನೇ ಎಗರಿ ಪಂಪ್ ಆಫ್ ಮಾಡುತ್ತೆ. ಪೆಟ್ರೋಲ್ ಚೆಲ್ಲಿ ಬೆಂಕಿ ಹತ್ತದೆ ಇರ್ಲಿ ಅಂತ." ಅವನು ಹೆಬ್ಬೆರಳಿನಿಂದ ಗುಂಡಿ ಒತ್ತಿದ. ಟಿಕ್ ಎಂದಿತು. "ಈಗ ಸ್ಟಾರ್ಟ್ ಮಾಡಿ."

ಕೆಂಪರಾಜು ಕೀ ತಿರುಗಿಸಿದ. ಎರಡನೇ ತಿರುವಿಗೆ ಇಂಜಿನ್ ಹತ್ತಿಕೊಂಡಿತು. ಅವನು ಸ್ಟೇರಿಂಗ್ ಹಿಡಿದುಕೊಂಡು ಹಾಗೇ ಕೂತ.

"ಅಷ್ಟೇನಾ?" ಎಂದ.

"ಅಷ್ಟೇ."

"ಗುದ್ದಿದ್ದು ಯಾರು ಹಂಗಾದ್ರೆ?"

ದೇವದಾಸ್ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡ. "ಅದು ಗಾಡಿ ಹೇಳಲ್ಲ ಅಣ್ಣ" ಎಂದ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೆಂಪರಾಜು ತಟ್ಟೆ ಮುಟ್ಟಲಿಲ್ಲ.

"ಎಲ್ಲಿ ಗುದ್ದಿದೆ, ಹೇಳ್ಬಿಡು."

"ನಾನು ಗುದ್ದಿಲ್ಲ" ಎಂದಳು ದಿವ್ಯ. "ಬುಧವಾರ ಮೂರೂವರೆಗೆ ತಂದು ನಿಲ್ಲಿಸ್ದೆ. ಚೆನ್ನಾಗೇ ಇತ್ತು."

"ನೀನೊಬ್ಬಳೇ ಓಡಿಸೋದು ಅದನ್ನ. ಮತ್ತೆ ದೆವ್ವ ಓಡಿಸ್ತಾ?"

"ನಾನು" ಎಂದಳು ಲಿಖಿತಾ.

ಮೂವರೂ ಅವಳ ಕಡೆ ನೋಡಿದರು. ಅವಳು ಅನ್ನದಲ್ಲಿ ಬೆರಳಾಡಿಸುತ್ತಿದ್ದಳು. ದನಿಯಲ್ಲಿ ಏರಿಳಿತವಿರಲಿಲ್ಲ.

"ತಾತ ನಂಗೆ ಕಲಿಸ್ತಿದ್ರು. ಎರಡು ತಿಂಗಳಿಂದ. ಅಪ್ಪ, ನೀನು ಡಿಗ್ರಿ ಮುಗಿಯೋ ತನಕ ಕಾರ್ ಮುಟ್ಬೇಡ ಅಂದಿದ್ಯಲ್ಲ, ಅದಕ್ಕೇ ಹೇಳ್ಲಿಲ್ಲ. ಎಲ್‌ಎಲ್‌ಆರ್ ತಾತನೇ ಮಾಡಿಸಿದ್ದು. ಅಮ್ಮ ಟ್ಯೂಷನ್ ಹೇಳೋಕೆ ಹೋದ್ಮೇಲೆ ಹೋಗಿ ಬರ್ತಿದ್ವಿ. ಬುಧವಾರ ವಾಪಸ್ ಬರೋವಾಗ ಗೇಟ್ ಹತ್ರ ಬ್ರೇಕ್ ಬದ್ಲು ಆಕ್ಸಿಲರೇಟರ್ ಒತ್ತಿಬಿಟ್ಟೆ. ಮುಂದಿನ ಚಕ್ರ ಮೋರಿ ಕಲ್ಲಿಗೆ ಹೊಡೀತು. ಹೊಡೆದಿದ್ದೇ ಆಫ್ ಆಯ್ತು. ಮತ್ತೆ ಸ್ಟಾರ್ಟ್ ಆಗ್ಲೇ ಇಲ್ಲ."

"ಆಮೇಲೆ?" ಎಂದಳು ದಿವ್ಯ.

"ವೇಣು ಅಂಕಲ್‌ನ ಕರೀತೀನಿ ಅಂದೆ. ಬೇಡ, ನಿಮ್ಮಪ್ಪಂಗೆ ಗೊತ್ತಾಗುತ್ತೆ ಅಂದ್ರು. ಬೆಳಿಗ್ಗೆ ದೇವದಾಸ್‌ಗೆ ಹೇಳ್ತೀನಿ ಅಂದ್ರು. ನಾನು ಸ್ಟೇರಿಂಗ್ ಹಿಡ್ಕೊಂಡೆ." ಅವಳು ನಿಲ್ಲಿಸಿದಳು. "ತಾತ ಹಿಂದಿನಿಂದ ತಳ್ಳಿದ್ರು. ಒಬ್ರೇ. ಒಳಗೆ ಬರೋ ತನಕ ತಳ್ಳಿದ್ರು. ಬೆಳಿಗ್ಗೆ ಬಿದ್ದೋದ್ರು. ನೀನು ಕೀ ತಿರುಗಿಸ್ತಿದ್ದಾಗ್ಲೂ ಹೇಳೋಕೆ ಭಯ ಆಯ್ತು."

ಕೆಂಪರಾಜು ಎದ್ದು ನಿಂತ. ಕೈ ಎತ್ತಿದ. ಲಿಖಿತಾ ಮುಖ ತಪ್ಪಿಸಲಿಲ್ಲ, ಹೊಡೆದರೆ ಹೊಡೆಯಲಿ ಎಂಬಂತೆ ಕೂತಿದ್ದಳು.

"ಕೆಂಪ, ಕೂತ್ಕೋ" ಎಂದರು ಲಕ್ಷ್ಮಮ್ಮ.

"ಮಾತಾಡ್ಬೇಡಮ್ಮ ನೀನು! ಇಷ್ಟು ದಿನ ಇವ್ಳು ಬಾಯಿ ಮುಚ್ಕೊಂಡು..."

"ನೀನು ಬಾಯಿ ತೆಗೆದಿದ್ದು ಸಾಲ್ದಾ? ಗಾಡಿ ಕೆಟ್ಟಿತ್ತು. ಕೆಟ್ಟಿದೆ ಅಂತ ಎರಡು ನಿಮಿಷಕ್ಕೇ ಗೊತ್ತಾಯ್ತಲ್ಲ ನಿಂಗೆ? ಈ ಹೆಣ್ಣುಮಗಳು ಆಟೋ ತರ್ತೀನಿ, ಆಟೋ ತರ್ತೀನಿ ಅಂತ ಬಡ್ಕೊಂಡ್ಳು. ಸುಮ್ನಿರು, ಸುಮ್ನಿರು ಅಂತ ಕೀ ತಿರುವ್ತಾ ಕೂತಿದ್ದೋನು ಯಾರು? ನಾನು ಅಲ್ಲೇ ಇದ್ದೆ ಕಣೋ. ನಿಮ್ಮಪ್ಪನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದು ನಾನು."

ಕೆಂಪರಾಜು ಎತ್ತಿದ ಕೈ ಇಳಿಸಿದ, ಕೂರಲಿಲ್ಲ.

ಲಕ್ಷ್ಮಮ್ಮ ಮೊಮ್ಮಗಳ ಕಡೆ ತಿರುಗಿದರು. "ನೀನು ಕೇಳಿಲ್ಲಿ. ಮೂಟೆ ಹೊತ್ತು ಹೊತ್ತು ಬೆನ್ನು ಗಟ್ಟಿ ಮಾಡ್ಕೊಂಡ ಜೀವ ಅದು. ಗಾಡಿ ತಳ್ಳಿದ್ದಕ್ಕೆ ಬಿದ್ದಿಲ್ಲ. ಬಿಪಿ ಮಾತ್ರೆ ನುಂಗಿ ಅಂದ್ರೆ ಕಿಟಕಿಯಿಂದಾಚೆ ಎಸೀತಿದ್ರು. ನಂಗೂ ಗೊತ್ತಿತ್ತು, ನಾನೂ ಸುಮ್ನಿದ್ದೆ."

ಹಾಲ್‌ನಿಂದ ಮಂಚ ಬಡಿದ ಸದ್ದು ಬಂತು. ಚಿಕ್ಕಬೈರಪ್ಪ ಎಡಗೈಯಿಂದ ಮಂಚದ ಪಟ್ಟಿಗೆ ಬಡಿಯುತ್ತಿದ್ದರು. ಲಿಖಿತಾ ಎಂಜಲು ಕೈಯಲ್ಲೇ ಓಡಿದಳು. ಅವರು ಅವಳ ಜಡೆ ಹಿಡಿದು ತಲೆಯನ್ನು ಹಾಸಿಗೆಯ ಮೇಲಕ್ಕೆ ಎಳೆದುಕೊಂಡು ಅದರ ಮೇಲೆ ಕೈಯಿಟ್ಟರು. ಅವಳು ಅತ್ತಳು. ಇಪ್ಪತ್ತನಾಲ್ಕು ದಿನಗಳಲ್ಲಿ ಆ ಮನೆಯಲ್ಲಿ ಯಾರಾದರೂ ಅತ್ತಿದ್ದು ಅದೇ ಮೊದಲು.

ಸಂಜೆ ದಿವ್ಯ ಅಡುಗೆಮನೆಯಲ್ಲಿ ಮರುದಿನಕ್ಕೆ ಅವರೆಕಾಳು ಬಿಡಿಸುತ್ತಿದ್ದಳು. ಕೆಂಪರಾಜು ಬಂದು ಬಾಗಿಲಲ್ಲಿ ನಿಂತ.

"ಪಂಪ್ ಚೆನ್ನಾಗೇ ಇತ್ತು."

"ಕೇಳಿಸ್ತು."

"ಸಿಟ್ಟಲ್ಲಿ ಅಂದ್ಬಿಟ್ಟೆ ಕಣೆ."

"ಸಿಟ್ಟಲ್ಲಿ ಅಂದಿದ್ರೆ ಒಂದ್ಸಲ ಅಂತಿದ್ರಿ. ದಿನಾ ಅಂದ್ರಿ." ಅವಳಿಗೆ ಸಿಟ್ಟೇನೂ ಬಂದಂತಿರಲಿಲ್ಲ. ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲೇ ಹೇಳಿದಳು. "ಶುಕ್ರವಾರ ಸ್ಕೂಲ್ ಮುಗಿಸ್ಕೊಂಡು ಹಂಗೇ ಬೇಗೂರಿಗೆ ಹೋಗ್ತೀನಿ, ಅಮ್ಮನ ಮನೆಗೆ. ಭಾನುವಾರ ಬರ್ತೀನಿ."

"ಜಗಳ ಆಡ್ಕೊಂಡು ಹೋಗ್ತಿದೀಯಾ?"

"ಇಲ್ಲ. ಮಲಗೋಕೆ ಹೋಗ್ತಿದೀನಿ."

"ಶನಿವಾರ ಅಪ್ಪನ ಸ್ನಾನ?"

"ನೀವಿದ್ದೀರಲ್ಲ."

ಆ ವಾರ ಕೆಂಪರಾಜು ತಾನೇ ಕಾರಿನಲ್ಲಿ ಅಪ್ಪನನ್ನು ಎರಡು ಸಲ ಜಯನಗರಕ್ಕೆ ಕರೆದೊಯ್ದ. ಕಾಯುವವರ ಬೆಂಚಿನ ಮೇಲೆ ಕೂತು ಬೇರೆಯವರ ಅಪ್ಪಂದಿರನ್ನು ನೋಡಿದ. ಮನೆಯಲ್ಲಿ ಮಾತು ಕಡಿಮೆಯೇ ಇತ್ತು, ಪಂಪಿನ ಮಾತಂತೂ ನಿಂತಿತು. ಶುಕ್ರವಾರ ಸಂಜೆ ದಿವ್ಯ ಬರಲಿಲ್ಲ. ಅವಳ ಬದಲು ಲಿಖಿತಾ ಉಪ್ಪಿಟ್ಟು ಮಾಡಿದಳು. ಉಪ್ಪು ಜಾಸ್ತಿಯಾಗಿತ್ತು. ಎಲ್ಲರೂ ತಿಂದರು.

ಶನಿವಾರ ಬೆಳಿಗ್ಗೆ ಲಿಖಿತಾಗೆ ಪರೀಕ್ಷೆ, ಬೇಗ ಹೊರಟಳು. ಲಕ್ಷ್ಮಮ್ಮನಿಗೆ ಸೊಂಟ ಹಿಡಿದಿತ್ತು. ಕೆಂಪರಾಜು ಅಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತಿ ಬಚ್ಚಲಿಗೆ ನಡೆಸಿಕೊಂಡು ಹೋದ. ಅವನಿಗೆ ನಲವತ್ತಾರು ವರ್ಷ. ಈ ಕಾಯಿಲೆಗೆ ಮೊದಲು ಅಪ್ಪನ ಮೈ ಮುಟ್ಟಿದ ನೆನಪು ಅವನಿಗಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಂಗಿ ಬಿಚ್ಚಿ, ಬಕೆಟ್ಟಿಗೆ ಗೀಸರಿನ ನೀರು ಬಿಟ್ಟು, ಬಲಭುಜದ ಮೇಲೆ ಒಂದು ಚೊಂಬು ಹೊಯ್ದ. ಅಪ್ಪ ಸುಮ್ಮನೆ ಕೂತಿದ್ದರು. ಇನ್ನೊಂದು ಚೊಂಬು ಎಡಭುಜದ ಮೇಲೆ ಹೊಯ್ದಾಗ ಇಡೀ ಮೈ ಕೊಡವಿ ಕೂಗಿದರು. ಆಗ ನೋಡಿದ. ಬಲಭುಜವೂ ಕೆಂಪಗಾಗಿತ್ತು.

ಒದ್ದೆ ಕೈಯಲ್ಲೇ ದಿವ್ಯಳಿಗೆ ಫೋನ್ ಮಾಡಿದ.

"ನೀರು ಸುಟ್ಬಿಡ್ತು ಕಣೆ. ಅಪ್ಪ ಮೊದ್ಲು ಏನೂ ಹೇಳ್ಲಿಲ್ಲ..."

"ಬಲಗಡೆ ಬಿಸಿ ಗೊತ್ತಾಗಲ್ಲ ಅವ್ರಿಗೆ. ತಣ್ಣೀರು ಹಾಕಿ ಮೊದ್ಲು, ಕೆಂಪಗಾಗಿರೋ ಕಡೆ. ಗುಳ್ಳೆ ಎದ್ದಿದೆಯಾ?"

"ಇಲ್ಲ."

"ಹಾಕ್ತಾನೇ ಇರಿ ಸ್ವಲ್ಪ ಹೊತ್ತು. ಆಮೇಲೆ ಬಕೆಟ್‌ಗೆ ತಣ್ಣೀರು ಬೆರೆಸಿ, ಪ್ರತಿ ಸಲ ನಿಮ್ಮ ಕೈಗೆ ಹಾಕ್ಕೊಂಡು ನೋಡಿ. ಫೋನ್ ಇಡ್ಬೇಡಿ, ಅಲ್ಲೇ ಎಲ್ಲಾದ್ರೂ ಇಡಿ. ನಾನಿರ್ತೀನಿ."

ಅವನು ಸ್ಪೀಕರ್ ಹಾಕಿ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವಳು ಹೇಳಿದಂತೆ ಮಾಡಿದ. ಭುಜದ ಕೆಂಪು ನಿಧಾನಕ್ಕೆ ತಿಳಿಯಾಯಿತು. ಒದ್ದೆ ನೆಲದ ಮೇಲೆಯೇ ಕೂತು ಅಪ್ಪನ ಪಾದಕ್ಕೆ ಸೋಪು ಹಚ್ಚಿದ. ಬಲಪಾದ ತಣ್ಣಗೆ, ಭಾರವಾಗಿತ್ತು.

"ಅವತ್ತು ಆಟೋ ಕರೆಸ್ಬೇಕಿತ್ತು ಅಪ್ಪ" ಎಂದ. "ಅವ್ಳು ಹೇಳಿದ್ಳು. ನಾನು ಕೇಳ್ಲಿಲ್ಲ."

ಚಿಕ್ಕಬೈರಪ್ಪ ಮಗನ ನೆತ್ತಿಯನ್ನೇ ನೋಡುತ್ತಿದ್ದರು. ಆಮೇಲೆ ಎಡಗೈ ಚಾಚಿ, ಬಕೆಟ್ಟಿನ ಅಂಚಿನಲ್ಲಿದ್ದ ಚೊಂಬನ್ನು ಹಿಡಿದರು. ಅದು ಜಾರಿತು, ಮತ್ತೆ ಹಿಡಿದರು. ಅರ್ಧ ಚೊಂಬು ನೀರು ಮೊಗೆದು, ಅಲುಗಾಡಿಸುತ್ತಾ, ಸೋಪು ಮೆತ್ತಿದ್ದ ಮಗನ ಕೈಗಳ ಮೇಲೆ ಹೊಯ್ದರು. ಮುಕ್ಕಾಲು ಪಾಲು ನೆಲಕ್ಕೇ ಹೋಯಿತು.

"ಹಲೋ?" ಎಂದಳು ದಿವ್ಯ. "ಆಯ್ತಾ?"

ಚಿಕ್ಕಬೈರಪ್ಪ ಇನ್ನೊಂದು ಚೊಂಬಿಗೆ ಬಾಗಿದ್ದರು.

"ಆಗ್ತಿದೆ" ಎಂದ ಕೆಂಪರಾಜು, ಎರಡೂ ಕೈ ಒಡ್ಡಿಕೊಂಡು.